ಸಂಗ್ರಹ ಚಿತ್ರ

ಪೊಲೀಸರಿಗೆ ಯಶಸ್ಸು ಸಿಕ್ಕಿದ ದಿನಗಳಲ್ಲೆಲ್ಲ ನಮ್ಮ ಮನೆಯಲ್ಲಿ ಅಡುಗೆ ಕೆಡುತ್ತಿತ್ತು. ಹೀಗೆ ಬರೆದರೆ ಓದುವವರು ನನ್ನನ್ನು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ. ಬಾಂಬ್ ಇಟ್ಟವರನ್ನು ಹಿಡಿಯಬಾರದು ಎಂದು ನಾನು ಒಂದು ದಿನವೂ ಅಂದುಕೊಂಡವಳಲ್ಲ. ಹಿಡಿಯಲಿ, ಶಿಕ್ಷೆಯಾಗಲಿ ಎಂದು ದೇವರ ಮುಂದೆ ದೀಪ ಹಚ್ಚುವಾಗ ಕೇಳಿಕೊಂಡಿದ್ದೇನೆ. ಆದರೆ ಹಿಡಿದರು ಎಂಬ ಸುದ್ದಿ ಟೀವಿಯಲ್ಲಿ ಬಂದಾಗಲೆಲ್ಲ ಅದರ ಹಿಂದೆಯೇ ನನ್ನ ತಮ್ಮನೂ ಬರುತ್ತಿದ್ದ. ತಳ್ಳುಗಾಡಿಯ ಮೇಲೆ ಮಲಗಿಕೊಂಡು ಬರುತ್ತಿದ್ದ. ಈಗ ಅಮ್ಮನೂ ಇಲ್ಲ. ಆದ್ದರಿಂದ ಬರೆಯಬಹುದು ಅನ್ನಿಸುತ್ತದೆ.

ನಮ್ಮದು ಎನ್.ಆರ್. ಕಾಲೋನಿಯಲ್ಲಿ ಒಂದು ಮನೆಯ ಕೆಳಭಾಗ. ಬಾಡಿಗೆ ಮನೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ನಾನು ಪಿಯುಸಿ ಓದುತ್ತಿದ್ದಾಗ ತೀರಿಕೊಂಡರು. ನನ್ನ ಓದು ಅಲ್ಲಿಗೆ ನಿಂತಿತು. ಅಮ್ಮನಿಗೆ ಬರುವ ಪಿಂಚಣಿ, ನಾನು ಹೊಲಿಯುವ ಬ್ಲೌಸು, ಸೀರೆಗೆ ಹಾಕುವ ಫಾಲ್ಸು, ಇಷ್ಟರಲ್ಲಿ ತಮ್ಮನ ಡಿಗ್ರಿ ಮುಗಿಯಿತು. ಅವನಿಗೆ ಚಾಮರಾಜಪೇಟೆಯ ಒಂದು ಊದುಬತ್ತಿ ಕಂಪನಿಯಲ್ಲಿ ಸೇಲ್ಸ್‌ಮನ್ ಕೆಲಸ ಸಿಕ್ಕಿತು. ಉತ್ತರದ ಊರುಗಳಿಗೆ ಸ್ಯಾಂಪಲ್ ಚೀಲ ಹೊತ್ತುಕೊಂಡು ಹೋಗಿ ಅಂಗಡಿ ಅಂಗಡಿ ತಿರುಗಿ ಆರ್ಡರ್ ತರುವುದು. ತಿಂಗಳಲ್ಲಿ ಹೆಚ್ಚು ದಿನ ರೈಲಿನಲ್ಲೇ ಇರುತ್ತಿದ್ದ.

ಅವನು ಬೀದಿಯ ತಿರುವಿಗೆ ಬಂದರೆ ಅಮ್ಮನಿಗೆ ಗೊತ್ತಾಗುತ್ತಿತ್ತು. ಅಂಥ ವಾಸನೆ ಅವನದು. ಗಂಧ, ಮಲ್ಲಿಗೆ, ಇನ್ನೂ ಏನೇನೋ. ಎಷ್ಟು ಸೋಪು ಹಾಕಿ ಒಗೆದರೂ ಬಟ್ಟೆಯಿಂದ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ತಾನು ನಿಂತರೆ ಪಕ್ಕದ ಮುದುಕಿಯರು ಕೈಮುಗಿಯುತ್ತಾರೆ ಎಂದು ನಗಿಸುತ್ತಿದ್ದ.

ಅವನ ಹತ್ತಿರ ನೀಲಿ ಚೌಕಳಿಯ ಒಂದು ಅಂಗಿ ಇತ್ತು. ಚೀಲದ ಪಟ್ಟಿ ಉಜ್ಜಿ ಉಜ್ಜಿ ಅದರ ಕಾಲರು ಸವೆದು ನೂಲು ಎದ್ದಿತ್ತು. ನಾನು ಕಾಲರನ್ನು ಬಿಚ್ಚಿ, ಒಳಮಗ್ಗುಲನ್ನು ಹೊರಗೆ ಮಾಡಿ ತಿರುಗಿಸಿ ಹೊಲಿದುಕೊಟ್ಟೆ. ನಮ್ಮಂಥ ಮನೆಗಳಲ್ಲಿ ಆಗ ಎಲ್ಲರೂ ಹಾಗೆಯೇ ಮಾಡಿಸುತ್ತಿದ್ದರು. ಒಳಮಗ್ಗುಲಿಗೆ ಬಿಸಿಲು ತಾಗಿರುವುದಿಲ್ಲವಾದ್ದರಿಂದ ಬಣ್ಣ ಗಾಢವಾಗಿ ಉಳಿದಿರುತ್ತದೆ. ಅಂಗಿ ಮಾಸಲು, ಕಾಲರು ಮಾತ್ರ ಹೊಸದು. ಅವನು ಕನ್ನಡಿಯ ಮುಂದೆ ನಿಂತು, "ಕಾಲರ್ ನೋಡಿದ್ರೆ ಮ್ಯಾನೇಜರು, ಅಂಗಿ ನೋಡಿದ್ರೆ ಸೇಲ್ಸ್‌ಮನ್ನು. ಅಕ್ಕ, ನೀನು ನನಗೆ ಅರ್ಧ ಪ್ರಮೋಷನ್ ಕೊಟ್ಟೆ ಕಣೇ" ಅಂದ.

ಆ ಅಂಗಿಯನ್ನು ಹಾಕಿಕೊಂಡೇ ಹೋದ. ಉತ್ತರದ ಒಂದು ಊರಿನ ಮಾರುಕಟ್ಟೆಯಲ್ಲಿ, ಹಬ್ಬದ ಹಿಂದಿನ ಸಂಜೆ ಜನ ಕಿಕ್ಕಿರಿದಿದ್ದಾಗ ಬಾಂಬ್ ಸಿಡಿಯಿತು. ಮಾರನೆಯ ದಿನ ಕಂಪನಿಯವರಿಗೆ ಫೋನ್ ಬಂತು, ಅವರು ನಮ್ಮ ಮನೆಗೆ ಬಂದರು. ಚಿಕ್ಕಪ್ಪ ಕಂಪನಿಯ ಒಬ್ಬರ ಜೊತೆ ಹೊರಟರು. ಹೊರಡುವಾಗ ನಾನು ಅವರಿಗೆ ಹೇಳಿ ಕಳಿಸಿದೆ: ನೀಲಿ ಚೌಕಳಿ ಅಂಗಿ, ಕಾಲರು ಮಾತ್ರ ಗಾಢ ಬಣ್ಣ. ಅವರು ಗುರುತು ಹಿಡಿದದ್ದು ಅದರಿಂದಲೇ. ಮುಖ ನೋಡುವ ಹಾಗಿರಲಿಲ್ಲವಂತೆ. ಅಷ್ಟು ದೂರ ತರುವ ಸ್ಥಿತಿಯಲ್ಲೂ ಇರಲಿಲ್ಲವೆಂದು ಅಲ್ಲಿಯೇ ಸಂಸ್ಕಾರ ಮಾಡಿ ಅಸ್ಥಿ ತಂದರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು. ಅಮ್ಮ ಮಗನ ಮುಖ ನೋಡಲಿಲ್ಲ, ಕೈ ಮುಟ್ಟಲಿಲ್ಲ. ಕೆಂಪು ಬಟ್ಟೆ ಕಟ್ಟಿದ ಒಂದು ಕುಡಿಕೆಯನ್ನು ತೋರಿಸಿ ಇವನೇ ನಿನ್ನ ಮಗ ಎಂದು ನಾವು ಅವಳಿಗೆ ಹೇಳಿದ ಹಾಗಾಯಿತು.

ಮೊದಲ ಕೆಲವು ವರ್ಷ ಸುದ್ದಿ ಬರುತ್ತಿದ್ದದ್ದು ಪೇಪರಿನಲ್ಲಿ. ತನಿಖೆ ಚುರುಕು. ಮಹತ್ವದ ಸುಳಿವು. ತನಿಖೆಯಲ್ಲಿ ಪ್ರಗತಿ. ಬೆಳಗ್ಗೆ ಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕೂತು ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದು ಅಕ್ಷರವನ್ನೂ ಓದುತ್ತಿದ್ದಳು. ಒಮ್ಮೆ ಸೂತ್ರಧಾರ ಸೆರೆ ಎಂದು ಬಂತು. ಅಮ್ಮ ಆ ಪೇಪರನ್ನು ದೇವರ ಮುಂದಿಟ್ಟು ನಮಸ್ಕಾರ ಮಾಡಿದಳು. ಮುಂದಿನ ವರ್ಷ ಇನ್ನೊಬ್ಬನ ಫೋಟೊ ಹಾಕಿ ಮತ್ತೆ ಸೂತ್ರಧಾರ ಸೆರೆ ಎಂದು ಬಂತು. ಅಮ್ಮ ಪೇಪರ್ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೇಳಿದಳು, "ಒಂದು ನಾಟಕಕ್ಕೆ ಎಷ್ಟು ಜನ ಸೂತ್ರಧಾರರು ಇರ್ತಾರೆ?" ನಾನು ಮಷೀನ್ ತುಳಿಯುತ್ತಾ ಕೂತೆ.

ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಒಳ್ಳೆಯವರು. ತಮ್ಮನಿಗೆ ಚಿಕ್ಕಂದಿನಲ್ಲಿ ಲೆಕ್ಕ ಹೇಳಿಕೊಟ್ಟಿದ್ದರು. ಅವನು ಹೋದ ಮೇಲೆ ಅವರು ಆ ಪ್ರಕರಣವನ್ನು ತಮ್ಮದೇ ಮಾಡಿಕೊಂಡುಬಿಟ್ಟರು. ಎರಡು ಪೇಪರ್ ತರಿಸುತ್ತಿದ್ದವರು ಮೂರು ತರಿಸತೊಡಗಿದರು. ಮನೆಮನೆಗೆ ಕೇಬಲ್ ಬಂದು, ದಿನವಿಡೀ ಸುದ್ದಿ ಹೇಳುವ ಕನ್ನಡ ಚಾನೆಲ್‌ಗಳು ಶುರುವಾದ ಮೇಲಂತೂ ಅವರು ಟೀವಿಯ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಏನಾದರೂ ಬಂದರೆ ಮೇಲಿನಿಂದ ಕಬ್ಬಿಣದ ಕಂಬಿಯನ್ನು ಬೀಗದ ಕೈಯಿಂದ ತಟ್ಟಿ ಕೂಗುತ್ತಿದ್ದರು: "ಟೀವಿ ಹಾಕಮ್ಮ, ನಮ್ಮ ಕೇಸು ಬರ್ತಿದೆ!"

ಹಾಗೆ ಅವರು ಕೂಗಿದ ಒಂದು ಸಂಜೆ ಅಮ್ಮ ದೊಡ್ಡ ಗಣಪತಿ ದೇವಸ್ಥಾನಕ್ಕೆ ಹೋಗಿದ್ದಳು. ನಾನೊಬ್ಬಳೇ ಟೀವಿ ಹಾಕಿದೆ. ಇನ್ನಿಬ್ಬರು ಸಿಕ್ಕಿಬಿದ್ದಿದ್ದರು. ಮುಖಕ್ಕೆ ಕಪ್ಪು ಬಟ್ಟೆ ಮುಚ್ಚಿ ಜೀಪಿನಿಂದ ಇಳಿಸುತ್ತಿದ್ದರು. ಆಮೇಲೆ ಆ ಮಾರುಕಟ್ಟೆ ಬಂತು. ಓಡುವ ಜನ, ಅರ್ಧ ಎಳೆದ ಶಟರು, ರಸ್ತೆಯಲ್ಲಿ ಒಂಟಿ ಚಪ್ಪಲಿ. ಇಬ್ಬರು ಒಂದು ತಳ್ಳುಗಾಡಿಯನ್ನು ತಳ್ಳಿಕೊಂಡು ಬಂದರು. ಅದರ ಮೇಲೆ ಆಚೆಗೆ ಮುಖ ಮಾಡಿ ಮಲಗಿದ್ದವನ ಅಂಗಿ ನೀಲಿ ಚೌಕಳಿ. ಕಾಲರು ಗಾಢ.

ನನ್ನ ಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ?

ಅವನ ಕೈ ಗಾಡಿಯ ಪಕ್ಕದಲ್ಲಿ ಜೋತುಬಿದ್ದು ತೂಗಾಡುತ್ತಿತ್ತು. ಚಿತ್ರ ಮುಗಿಯುವ ಮುನ್ನ ಆ ಕೈ ಎದ್ದಿತು. ಗಾಡಿ ಕುಲುಕಿದ್ದಕ್ಕೆ ಎದ್ದದ್ದಲ್ಲ. ಮೊಣಕೈ ಮಡಚಿ ಎದೆಯ ಕಡೆಗೆ ಹೊರಟಿತು. ಎದೆ ಮುಟ್ಟುವ ಮೊದಲೇ ವಾರ್ತೆ ಓದುವ ಹುಡುಗಿ ಬಂದುಬಿಟ್ಟಳು. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಂಗ್ರಹ ಚಿತ್ರ ಎಂದು ಬರೆದಿತ್ತು.

ಹುಣಸೆಹಣ್ಣು, ಉಪ್ಪಿನಕಾಯಿ, ವರ್ಷಕ್ಕಾಗುವಷ್ಟು ಹಪ್ಪಳ ಸಂಗ್ರಹ ಮಾಡಿಡುವುದು ನನಗೆ ಗೊತ್ತಿತ್ತು. ಯಾವುದೋ ಕಚೇರಿಯಲ್ಲಿ ನನ್ನ ತಮ್ಮನನ್ನೂ ಹಾಗೆ ಸಂಗ್ರಹ ಮಾಡಿಟ್ಟಿದ್ದರು. ಬೇಕಾದಾಗ ತೆಗೆದು ಬಳಸುತ್ತಿದ್ದರು. ಬೇಕಾಗುತ್ತಿದ್ದದ್ದು ಪ್ರಗತಿಯಾದಾಗ. ಯಾರನ್ನಾದರೂ ಬಂಧಿಸಿದರೆ ತಳ್ಳುಗಾಡಿ ಬರುತ್ತಿತ್ತು. ಮಂತ್ರಿಗಳು ಪೊಲೀಸರನ್ನು ಅಭಿನಂದಿಸಿದರೆ ಬರುತ್ತಿತ್ತು. ಬೇರೆ ಯಾವುದೋ ಊರಿನ ಯಾವುದೋ ಪ್ರಕರಣದಲ್ಲಿ ಯಶಸ್ಸು ಸಿಕ್ಕಿ, ಭಯೋತ್ಪಾದನೆ ನಿಗ್ರಹದಲ್ಲಿ ದೇಶ ಎಷ್ಟು ಮುಂದೆ ಬಂದಿದೆ ಎಂದು ನಾಲ್ಕು ಜನ ಕೂತು ಚರ್ಚೆ ಮಾಡಿದರೂ ಅವರ ಹಿಂದೆ ಬರುತ್ತಿತ್ತು. ಪ್ರತಿಸಲವೂ ಅವನು ಕೈ ಎತ್ತುತ್ತಿದ್ದ, ಪ್ರತಿಸಲವೂ ಅಲ್ಲಿಗೇ ಕಡಿಯುತ್ತಿತ್ತು. ಮೊದಲು ಹಿಡಿದವರಲ್ಲಿ ಒಬ್ಬನನ್ನು ಸಾಕ್ಷ್ಯ ಸಾಲದೆಂದು ಬಿಟ್ಟರು. ಆ ಸುದ್ದಿ ಪೇಪರಿನ ಒಳಪುಟದಲ್ಲಿ, ತರಕಾರಿ ಧಾರಣೆಯ ಪಕ್ಕದಲ್ಲಿ ಬೆರಳಷ್ಟು ಬಂತು. ಟೀವಿಯಲ್ಲಿ ಬರಲೇ ಇಲ್ಲ. ಅಂದು ನನಗೆ ನೆಮ್ಮದಿಯಾಯಿತು. ಸೋಲಿಗೆ ಚಿತ್ರ ಬೇಕಾಗುವುದಿಲ್ಲ. ಅಂದು ಅವನನ್ನು ಯಾರೂ ಗಾಡಿಯ ಮೇಲೆ ಮಲಗಿಸಲಿಲ್ಲ.

ಅಮ್ಮನ ಕಣ್ಣಿಗೆ ಅದು ಬೀಳಬಾರದೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೇಬಲ್ ಕೆಟ್ಟಿದೆ ಅನ್ನುತ್ತಿದ್ದೆ. ಧಾರಾವಾಹಿಯ ಹೊತ್ತಾಯಿತು ಎಂದು ಚಾನೆಲ್ ತಿರುಗಿಸುತ್ತಿದ್ದೆ. ಮೇಷ್ಟ್ರಿಗೆ ಗುಟ್ಟಾಗಿ, ಇನ್ನು ಮೇಲಿಂದ ಕೂಗಬೇಡಿ, ಅಮ್ಮನಿಗೆ ಬಿ.ಪಿ. ಇದೆ ಎಂದು ಹೇಳಿದೆ. ಅವರು ತಲೆಯಾಡಿಸಿದರು. ಆದರೆ ದೊಡ್ಡ ಸುದ್ದಿ ಬಂದಾಗ ತಡೆದುಕೊಳ್ಳಲು ಅವರಿಂದ ಆಗುತ್ತಿರಲಿಲ್ಲ. ನಮಗೆ ಒಳ್ಳೆಯ ಸುದ್ದಿ ತರುತ್ತಿದ್ದೇನೆಂದೇ ಅವರು ತಿಳಿದಿದ್ದರು.

ಅವನ ವರ್ಷದ ತಿಥಿಗೆ ಇನ್ನು ಒಂದು ವಾರವಿತ್ತು. ಬ್ಲೌಸಿಗೆ ಹೊಂದುವ ದಾರ ತರಲು ಗಾಂಧಿಬಜಾರಿಗೆ ಹೋಗಿದ್ದೆ. ಮರಳಿ ಬಂದಾಗ ಬಾಗಿಲು ತೆರೆದೇ ಇತ್ತು. ಅಮ್ಮ ಮಣೆ ಹಾಕಿಕೊಂಡು ಟೀವಿಗೆ ಮುಖ ತಾಗುವಷ್ಟು ಹತ್ತಿರ ಕೂತಿದ್ದಳು. ಒಲೆಯ ಮೇಲಿನ ಬೇಳೆ ಹೊತ್ತಿದ ವಾಸನೆ ನಡುಮನೆಯವರೆಗೂ ತುಂಬಿತ್ತು. ನನ್ನನ್ನು ನೋಡಿ ಅವಳು ಬಹಳ ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡರೆ ಕೆಟ್ಟುಹೋಗುತ್ತದೆ ಎಂಬಂತೆ ಹೇಳಿದಳು.

"ಬದುಕಿದಾನೆ ಕಣೇ."

ನಾನು ಚೀಲ ಕೆಳಗಿಟ್ಟೆ.

"ನಾನು ಹೇಳ್ತಿರೋದಲ್ಲ. ಅವರೇ ಬರೆದಿದಾರೆ. ನೋಡು."

ಪರದೆಯಲ್ಲಿ ತಳ್ಳುಗಾಡಿ ಮತ್ತೆ ಬರುತ್ತಿತ್ತು. ಅಂದು ಸಂಗ್ರಹ ಚಿತ್ರ ಎಂಬ ಅಕ್ಷರ ಇರಲಿಲ್ಲ, ಹಾಕಲು ಮರೆತಿದ್ದರೋ ಏನೋ. ಮೇಲಿನ ಮೂಲೆಯಲ್ಲಿ ಕೆಂಪು ಚೌಕದೊಳಗೆ ಬಿಳಿಯ ಇಂಗ್ಲಿಷ್ ಅಕ್ಷರದಲ್ಲಿ ಲೈವ್ ಎಂದಿತ್ತು. ಅಮ್ಮ ಬೆರಳಿಟ್ಟು ತೋರಿಸಿದ್ದು ಅದನ್ನು.

ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಪ್ರತಿ ನವೆಂಬರಿನಲ್ಲಿ ಪಿಂಚಣಿಗಾಗಿ ಬ್ಯಾಂಕಿಗೆ ಹೋಗಿ, ತಾನು ಬದುಕಿದ್ದೇನೆ ಎಂದು ಸಹಿ ಹಾಕಿ ಬರಬೇಕಿತ್ತು. ಲೈಫ್ ಸರ್ಟಿಫಿಕೇಟ್. ಕೌಂಟರಿನವರು, "ಏನಮ್ಮ, ಇದೀರಾ ಈ ವರ್ಷಾನೂ?" ಎಂದು ತಮಾಷೆ ಮಾಡುತ್ತಿದ್ದರು. ಇವಳು, "ಸರ್ಕಾರದ ದುಡ್ಡು ಬಿಟ್ಟು ಹೋಗಕ್ಕೆ ಮನಸಿಲ್ಲಪ್ಪ" ಅನ್ನುತ್ತಿದ್ದಳು. ಆ ಕಾಗದದ ನೆತ್ತಿಯ ಮೇಲಿದ್ದ ಲೈಫ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಅವಳಿಗೆ ವರ್ಷವರ್ಷ ನೋಡಿ ಬಾಯಿಪಾಠವಾಗಿದ್ದವು. ಅದು ಇದ್ದರೆ ಮನುಷ್ಯ ಇದ್ದಾನೆ ಎಂದು ಸರ್ಕಾರವೇ ಒಪ್ಪುತ್ತದೆ. ಟೀವಿಯಲ್ಲೂ ಅವೇ ಅಕ್ಷರಗಳಿದ್ದವು, ನಡುವೆ ಒಂದು ಮಾತ್ರ ಬೇರೆ.

ಒಂದು ಅಕ್ಷರ ಬೇರೆ ಇದೆಯಲ್ಲಮ್ಮ ಎಂದೆ. ಟೀವಿಯವರು ಅವಸರದಲ್ಲಿ ಬರೆಯುತ್ತಾರೆ, ಒಂದಕ್ಷರ ಆಚೀಚೆ ಆಗುತ್ತದೆ ಎಂದಳು.

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

"ಅಮ್ಮ, ಅದು ಆ ವಾರ್ತೆ ಓದೋ ಹುಡುಗಿಗೆ ಬರೆದಿರೋದು. ಅವಳು ಈಗ, ಇದೇ ಹೊತ್ತಲ್ಲಿ ಮಾತಾಡ್ತಿದಾಳೆ ಅಂತ."

"ಅವಳು ಬದುಕಿರೋದು ನನಗೆ ಕಾಣಲ್ವಾ? ಅದನ್ನ ಯಾಕೆ ಬರೀಬೇಕು?"

"ಈ ಚಿತ್ರ ಹಳೇದಮ್ಮ. ಅವತ್ತಿನ ಸಂಜೇದು."

"ಅವತ್ತು ಕೈ ಎತ್ತಿದ್ನಾ, ಇಲ್ವಾ?"

ನಾನು ಚೀಲದಿಂದ ದಾರದ ಉಂಡೆಗಳನ್ನು ತೆಗೆದು ಜೋಡಿಸತೊಡಗಿದೆ.

"ನೀನು ಮುಂಚೇನೇ ನೋಡಿದೀಯ," ಅಂದಳು ಅಮ್ಮ. ಬೈದದ್ದಲ್ಲ. "ಹಂಗಾದ್ರೆ ಹೇಳು. ಕೈ ಎತ್ತಿದ ಮೇಲೆ ಏನಾಯ್ತು? ಮುಂದಿಂದು ಯಾಕೆ ತೋರಿಸಲ್ಲ? ಅದು ಯಾರ ಹತ್ರ ಇದೆ?"

ಪುರೋಹಿತರಿಗೆ ಅವಳು ಆಗಲೇ ಫೋನ್ ಮಾಡಿಬಿಟ್ಟಿದ್ದಳು. ಈ ವರ್ಷ ತಿಥಿ ಇಲ್ಲ, ಬರಬೇಡಿ ಎಂದು. ಬದುಕಿರುವವನಿಗೆ ಪಿಂಡ ಇಟ್ಟರೆ ಅವನ ಆಯಸ್ಸು ಹೋಗುತ್ತದೆ ಎಂಬ ಭಯ ಅವಳಿಗೆ. ಅದು ಎಂಥ ಭಯವೆಂದರೆ, ಇಷ್ಟು ವರ್ಷ ಇಟ್ಟ ಪಿಂಡಗಳಿಗೆಲ್ಲ ಅವಳು ಅಂದು ರಾತ್ರಿ ದೇವರ ಹತ್ತಿರ ಕ್ಷಮೆ ಕೇಳಿಕೊಂಡಳು.

ಮಾರನೆಯ ದಿನ ನಾನು ಚಿಕ್ಕಪ್ಪನನ್ನು ಕರೆಸಿದೆ. ಅವರು ಮಲ್ಲೇಶ್ವರದಿಂದ ಬಂದು ಅಮ್ಮನ ಎದುರು ಕೂತರು. ಪಾಪ, ಅವರಿಗೂ ವಯಸ್ಸಾಗಿತ್ತು. ಅಮ್ಮ ಕಾಫಿ ಕೊಟ್ಟು ಒಂದೇ ಮಾತು ಕೇಳಿದಳು: ಅವನು ಹೋದದ್ದನ್ನು ನೀನು ಕಣ್ಣಾರೆ ನೋಡಿದೆಯಾ?

"ಆಸ್ಪತ್ರೆಗೆ ತರೋ ಹೊತ್ತಿಗೇ ಜೀವ ಹೋಗಿತ್ತು ಅಂದ್ರು ಅತ್ತಿಗೆ."

"ಅಂದ್ರು. ನೀನು ನೋಡ್ಲಿಲ್ಲ. ನೀನು ನೋಡಿದ್ದು ಅಂಗಿ."

ಚಿಕ್ಕಪ್ಪ ಕಾಫಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಕಾಫಿ ಆರಿ ಕೆನೆ ಕಟ್ಟಿತು. ಹೊರಡುವಾಗ ಬಾಗಿಲ ಬಳಿ ನನಗೆ, ಚಾಮರಾಜಪೇಟೆಯ ಒಂದು ಮಠದಲ್ಲಿ ತಿಥಿ ಮಾಡಿಸಿಬಿಡೋಣ, ಅವಳಿಗೆ ಹೇಳುವುದು ಬೇಡ ಎಂದರು. ಬಿಟ್ಟರೆ ಅವನು ಅಲ್ಲಿ ಹಸಿದಿರುತ್ತಾನೆ ಎಂದರು. ನನಗೆ ಅದೂ ಸರಿ ಅನ್ನಿಸಿತು, ಅಮ್ಮ ಹೇಳುವುದೂ ಸರಿ ಅನ್ನಿಸಿತು.

ತಿಥಿಯ ದಿನ ದಾರದಂಗಡಿಗೆ ಎಂದು ಹೇಳಿ ಮಠಕ್ಕೆ ಹೋದೆ. ನಾನು ಎಳ್ಳು ಎತ್ತಿಕೊಟ್ಟೆ, ಚಿಕ್ಕಪ್ಪ ಪಿಂಡ ಇಟ್ಟರು. ಕಾಗೆ ಬರಲು ತಡವಾಯಿತು. ಎಲ್ಲರೂ ಆಕಾಶ ನೋಡುತ್ತಾ ನಿಂತಿದ್ದಾಗ ಚಿಕ್ಕಪ್ಪ ನನ್ನ ಕಡೆ ತಿರುಗಿ ನೋಡಿದರು. ಅವರ ಮುಖದಲ್ಲಿ ಅಮ್ಮನ ಪ್ರಶ್ನೆಯೇ ಇತ್ತು. ಕೊನೆಗೆ ಒಂದು ಕಾಗೆ ಬಂತು. ಊಟಕ್ಕೆ ನಿಲ್ಲದೆ ನಾನು ಮನೆಗೆ ಹೊರಟೆ.

ನಮ್ಮ ಬೀದಿಗೆ ತಿರುಗುತ್ತಿದ್ದಂತೆಯೇ ಮೂಗಿಗೆ ಬಡಿಯಿತು. ಈರುಳ್ಳಿ ಹುಳಿ. ಶ್ರಾದ್ಧದ ದಿನ ನಮ್ಮ ಮನೆಗಳಲ್ಲಿ ಈರುಳ್ಳಿಯನ್ನು ಮುಟ್ಟುವುದೂ ಇಲ್ಲ. ಅಮ್ಮ ಸಣ್ಣ ಈರುಳ್ಳಿಯನ್ನು ತುಪ್ಪದಲ್ಲಿ ಹುರಿದು, ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟಿದ್ದಳು. ಇಂದು ಈ ಮನೆಯಲ್ಲಿ ಯಾರ ತಿಥಿಯೂ ಇಲ್ಲ ಎಂದು ಬೀದಿಗೆಲ್ಲ ಸಾರಿದ ಹಾಗಿತ್ತು. ಅದು ತಮ್ಮನ ಇಷ್ಟದ ಹುಳಿ. ನಾನು ಎಲ್ಲಿಗೆ ಹೋಗಿದ್ದೆ ಎಂದು ಅವಳು ಕೇಳಲಿಲ್ಲ. ನನ್ನ ಕೈಗೆ ಅಂಟಿದ್ದ ಎಳ್ಳನ್ನು ನೋಡಿದಳು. ತಟ್ಟೆ ಹಾಕಿ ಬಡಿಸಿ ಎದುರು ಕೂತಳು.

"ತಿನ್ನು," ಅಂದಳು.

ತಿಂದೆ. ಒಂದೊಂದು ತುತ್ತನ್ನೂ ಅವಳು ನೋಡುತ್ತಿದ್ದಳು. ಪೂರ್ತಿ ತಿಂದ ಮೇಲೆ ಎದ್ದು ಒಳಗೆ ಹೋಗಿ ಇನ್ನೊಂದು ತಟ್ಟೆಗೆ ಬಡಿಸಿ ಮುಚ್ಚಿಟ್ಟಳು.

ಆಮೇಲೆ ನಾನು ಆ ಚಾನೆಲ್ಲಿಗೆ ಫೋನ್ ಮಾಡಿದೆ. ನಂಬರು ಪರದೆಯ ಕೆಳಗೆ ಓಡುತ್ತಿತ್ತು. ಮಾತಾಡಿದವನು ಚಿಕ್ಕ ವಯಸ್ಸಿನವನು, ಮರ್ಯಾದೆಯಿಂದ ಮಾತಾಡಿದ. ತಳ್ಳುಗಾಡಿಯ ಮೇಲಿರುವವನು ನನ್ನ ತಮ್ಮ ಎಂದು ಹೇಳಿದೆ. ದಯವಿಟ್ಟು ಅದನ್ನು ಹಾಕಬೇಡಿ ಎಂದೆ.

"ಮೇಡಂ, ಆ ಇನ್ಸಿಡೆಂಟ್‌ದು ನಮ್ಮ ಹತ್ರ ಇರೋದು ಅದೊಂದೇ ವಿಷುವಲ್ಸು. ಬೇರೆ ಇಲ್ಲ."

ಅದರ ಮುಂದಿನದು ಇದೆಯಾ ಎಂದು ಕೇಳಿದೆ. ಅಮ್ಮನಿಗಾಗಿ ಕೇಳಿದೆನೋ, ನನಗಾಗಿಯೋ, ಈಗಲೂ ತಿಳಿಯದು. ಇಲ್ಲ ಮೇಡಂ, ನಮಗೆ ಬಂದಿರುವುದೇ ಅಷ್ಟು, ಬೇರೆ ಏಜೆನ್ಸಿಯಿಂದ ತೆಗೆದುಕೊಂಡದ್ದು ಎಂದ. ಆಮೇಲೆ ತಡವರಿಸುತ್ತಾ, ಒಬ್ಬ ರಿಪೋರ್ಟರನ್ನು ಕಳಿಸಿದರೆ ಒಂದೆರಡು ಮಾತು ಹೇಳುತ್ತೀರಾ ಎಂದು ಕೇಳಿದ. ಇಷ್ಟು ಜನರನ್ನು ಹಿಡಿದದ್ದರಿಂದ ನಿಮ್ಮ ಮನಸ್ಸಿಗೆ ಶಾಂತಿ ಸಿಕ್ಕಿತಾ ಎನ್ನುವುದರ ಬಗ್ಗೆ. ಬೇಡ ಎಂದೆ. ಕೊನೆಗೆ, ಹಾಕಲೇಬೇಕಾದರೆ ಗಾಡಿಯ ಮೇಲಾದರೂ ಏನಾದರೂ ಮುಚ್ಚಿ ಹಾಕಿ, ಆ ಕೈ ಕಾಣದ ಹಾಗೆ ಮಾಡಿ ಎಂದು ಕೇಳಿಕೊಂಡೆ. ಎಡಿಟಿಂಗಿನವರಿಗೆ ಹೇಳಿ ನೋಡುತ್ತೇನೆ ಎಂದ. ಇಂಥ ಮಾತನ್ನು ಯಾರೂ ಉಳಿಸಿಕೊಳ್ಳುವುದಿಲ್ಲ ಎಂದುಕೊಂಡೆ.

ಅವನು ಉಳಿಸಿಕೊಂಡ.

ಮತ್ತೆ ಸುದ್ದಿ ಬಂದದ್ದು ಒಂದು ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ. ತಲೆಮರೆಸಿಕೊಂಡಿದ್ದ ಕೊನೆಯ ಆರೋಪಿಯೂ ಸಿಕ್ಕಿದ್ದ. ಮೇಲಿನ ಮೇಷ್ಟ್ರು ಈ ಸಲ ಕಂಬಿ ತಟ್ಟಲಿಲ್ಲ. ಕಷ್ಟಪಟ್ಟು ಮೆಟ್ಟಿಲಿಳಿದು ನಮ್ಮ ಬಾಗಿಲಿಗೇ ಬಂದು, "ಪೂರ್ತಿ ಜಾಲಾನೇ ಮುಗಿಸಿಬಿಟ್ರಂತಮ್ಮ. ಇನ್ನು ಅವನ ಆತ್ಮಕ್ಕೆ ಶಾಂತಿ" ಅಂದರು. ಅವರ ಕಣ್ಣು ತುಂಬಿತ್ತು. ಅಮ್ಮ ಅವರಿಗೆ ಕೂರಲು ಹೇಳಲಿಲ್ಲ. ಅವಳು ಆಗಲೇ ಮಣೆ ಎಳೆದುಕೊಂಡು ಕೂತಿದ್ದಳು.

ಜೀಪು ಬಂತು, ಕಪ್ಪು ಬಟ್ಟೆ ಬಂತು. ಮಾರುಕಟ್ಟೆ ಬಂತು, ಶಟರು, ಚಪ್ಪಲಿ. ಆಮೇಲೆ ತಳ್ಳುವ ಇಬ್ಬರು ಬಂದರು. ಅವರು ತಳ್ಳುತ್ತಿದ್ದ ಗಾಡಿಯ ಮೇಲೆ ಮಾತ್ರ ಬೂದು ಬಣ್ಣದ ಒಂದು ಮಬ್ಬು, ಗಾಜಿನ ಮೇಲೆ ಎಣ್ಣೆಗೈ ಸವರಿದ ಹಾಗೆ. ಅಂಗಿಯಿಲ್ಲ, ಕಾಲರಿಲ್ಲ, ಕೈಯಿಲ್ಲ. ಮಬ್ಬು ಗಾಡಿಯ ಜೊತೆ ಅಲುಗಾಡುತ್ತಾ ಹೋಗಿ, ಎಂದಿನ ಜಾಗದಲ್ಲಿ ಕಡಿಯಿತು.

ಅಮ್ಮ ಎದ್ದಳು. ಸೆರಗನ್ನು ಮುದ್ದೆ ಮಾಡಿಕೊಂಡು ಟೀವಿಯ ಗಾಜನ್ನು, ಗಾಡಿ ಇದ್ದ ಜಾಗದಲ್ಲಿ, ಒರೆಸತೊಡಗಿದಳು. ಅಷ್ಟರಲ್ಲಿ ಜಾಹೀರಾತು ಬಂದಿತ್ತು. ಯಾರೋ ನಗುತ್ತಾ ಹಲ್ಲುಜ್ಜುತ್ತಿದ್ದರು. ಅಮ್ಮ ಆ ನಗುವ ಮುಖದ ಮೇಲೆಯೇ ಉಜ್ಜುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ನನ್ನ ಕಡೆ ನೋಡಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು.

"ಎಷ್ಟು ಧೂಳು ಕೂರಿಸಿದೀಯ ನೋಡು ಇದರ ಮೇಲೆ," ಅಂದಳು ಅಮ್ಮ, ತಿರುಗಿ ನೋಡದೆ. "ಮಗು ಕಾಣಿಸ್ತಾನೇ ಇಲ್ಲ. ಒದ್ದೆ ಬಟ್ಟೆ ತಾ. ಇನ್ನೊಂದ್ಸಲ ಹಾಕ್ತಾರೆ, ಬೇಗ ತಾ."

ಇನ್ನೊಂದು ಸಲ ಹಾಕುತ್ತಾರೆ ಎಂದು ನನಗೂ ಗೊತ್ತಿತ್ತು. ಅಂಥ ದಿನ ಅವರು ಹಾಕುತ್ತಲೇ ಇರುತ್ತಾರೆ. ಧೂಳಲ್ಲಮ್ಮ ಎನ್ನಲು ಬಾಯಿ ತೆರೆದೆ. ಹಾಗಾದರೆ ಏನು ಎಂದು ಅವಳು ಕೇಳುತ್ತಾಳೆ. ನಾನೇ ಕೇಳಿ ಮುಚ್ಚಿಸಿದೆ ಎಂದು ಹೇಳಬೇಕಾಗುತ್ತದೆ.

ಬಚ್ಚಲಿಗೆ ಹೋಗಿ ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ತಂದು ಅವಳ ಕೈಗೆ ಕೊಟ್ಟೆ.